ಆವೃತ್ತಿಯ ಅಂಕಿಯೂ ತಂತ್ರಾಂಶದ ಗುಣವೂ

ಬಿ. ಎಲ್. ರೈಸ್ ಅವರು ೧೯೦೫ನೆಯ ಇಸವಿಯಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ಣಾಟಿಕ’ದ ಹತ್ತನೆಯ ಸಂಪುಟವು ಅಂದಿನ ಅವಿಭಕ್ತ ಕೋಲಾರ ಜಿಲ್ಲೆಯ ಶಾಸನಗಳ ಭಂಡಾರವೆಂಬುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಅದು ಹತ್ತನೆಯದಾದ ಮಾತ್ರದಿಂದ ಬೆಂಗಳೂರು ಜಿಲ್ಲೆಯ ಒಂಬತ್ತನೆಯ ಸಂಪುಟಕ್ಕಿಂತ ಮೇಲಾದುದೆಂದು ಯಾರೂ ವಾದಿಸಲಾರರು. ಅಲ್ಲಿ ಅಂಕಿಯು ಕ್ರಮವನ್ನು ಸೂಚಿಸುವುದೇ ಹೊರತು ಗುಣವನ್ನಲ್ಲ. ಆದರೆ ಗಣಕಯಂತ್ರದ ತಂತ್ರಾಂಶಗಳ ಪ್ರಸ್ತಾಪ ಬಂದೊಡನೆ ಈ ವಿವೇಕವು ನಮ್ಮನ್ನು ಬಿಟ್ಟುಹೋಗುವಂತೆ ತೋರುತ್ತದೆ. ೫.೦ ಎಂಬುದು ೪.೦ ಎಂಬುದಕ್ಕಿಂತ ಉತ್ತಮ, ೦.೯ ಎಂಬುದು ಇನ್ನೂ ಬೇಯದ ಅನ್ನ, ಎಂಬ ಭಾವನೆಯು ವಿದ್ಯಾವಂತರ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಪುಸ್ತಕ ಭಂಡಾರಗಳಲ್ಲಿಯೂ ಬೇರೂರಿದೆ. ಈ ಭಾವನೆಗೆ ಆಧಾರವುಂಟೇ ಎಂಬುದನ್ನು ಮುಕ್ತ ತಂತ್ರಾಂಶಗಳ ಇತಿಹಾಸದಿಂದ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಪ್ರಶ್ನೆಯು ಬರಿಯ ಕುತೂಹಲದ್ದಲ್ಲ. ಹಳೆಯ ಪತ್ರಿಕೆಗಳ, ಶಾಸನ ಸಂಪುಟಗಳ, ಪ್ರತಿಗಳು ಮುಗಿದುಹೋದ ಗ್ರಂಥಗಳ ಪುಟಗಳನ್ನು ಚಿತ್ರವಾಗಿ ತೆಗೆದು, ಅವುಗಳಲ್ಲಿನ ಅಕ್ಷರಗಳನ್ನು ಯಂತ್ರದಿಂದ ಓದಿಸಿ, ಬೇಕಾದ ಪದವನ್ನು ಹುಡುಕಲು ಬರುವಂತೆ ಉಳಿಸುವ ಕೆಲಸವು ಈಗ ಸಣ್ಣ ಊರುಗಳ ಸಂಘಗಳಿಗೂ ಸಾಧ್ಯವಾಗಿದೆ. ಅದಕ್ಕೆ ಒದಗುವ ಸಾಧನಗಳಲ್ಲಿ ಅನೇಕವು ಮುಕ್ತ ತಂತ್ರಾಂಶಗಳು. ಎಂದರೆ, ಅವುಗಳ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು. ಇಲ್ಲಿ ಆಯ್ಕೆಯು ತಪ್ಪಿದರೆ ಕೆಡುವುದು ಯಂತ್ರವಲ್ಲ, ಪಾಠ. ತಪ್ಪಾಗಿ ಓದಿದ ಪುಟವು, ಮೂಲ ಕಾಗದವು ಪುಡಿಯಾದ ಮೇಲೆ, ತಾನೇ ಮೂಲವೆಂದು ನಿಂತುಬಿಡುತ್ತದೆ.

ಆವೃತ್ತಿಯೆಂಬ ಮಾತು ಕನ್ನಡದಲ್ಲಿ ತಂತ್ರಾಂಶಕ್ಕೆ ಬಂದುದು ಗ್ರಂಥಲೋಕದಿಂದ. ಪಂಪನ ‘ವಿಕ್ರಮಾರ್ಜುನ ವಿಜಯ’ವನ್ನು ರೈಸ್ ಅವರು ೧೮೯೮ರಲ್ಲಿ ಅಚ್ಚು ಮಾಡಿಸಿದರು, ೧೯೩೧ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಅದನ್ನು ಹೆಚ್ಚಿನ ಹಸ್ತಪ್ರತಿಗಳ ನೆರವಿನಿಂದ ಪರಿಷ್ಕರಿಸಿ ಹೊರತಂದಿತು. ಎರಡನೆಯದಕ್ಕೆ ನಾವು ಹೆಚ್ಚಿನ ಬೆಲೆ ಕೊಡುವುದು ಅದು ಎರಡನೆಯದೆಂಬ ಕಾರಣದಿಂದಲ್ಲ. ಅದರ ಹಿಂದೆ ನಡೆದ ಪರಿಷ್ಕರಣದ ಶ್ರಮದಿಂದ. ಒಂದಕ್ಷರವೂ ಬದಲಾಗದೆ ಮರುಮುದ್ರಣವಾದ ಪುಸ್ತಕದ ಮೇಲೆಯೂ ‘ಐದನೆಯ ಆವೃತ್ತಿ’ ಎಂದು ಅಚ್ಚಾಗಿರುವುದನ್ನು ವಾಚಕರು ಕಂಡಿರಬಹುದು.

ತಂತ್ರಾಂಶಗಳ ಅಂಕಿಯು ಸಾಮಾನ್ಯವಾಗಿ ಎರಡು ಅಥವಾ ಮೂರು ಭಾಗಗಳಾಗಿ, ನಡುವೆ ಚುಕ್ಕಿಗಳಿಂದ ಕೂಡಿರುತ್ತದೆ. ಮೊದಲ ಭಾಗವು ದೊಡ್ಡ ಮಾರ್ಪಾಟಿಗೆ, ಎರಡನೆಯದು ಸಣ್ಣ ಸೇರ್ಪಡೆಗೆ, ಮೂರನೆಯದು ತಪ್ಪು ತಿದ್ದಿದುದಕ್ಕೆ ಎಂಬುದು ರೂಢಿ. ಮೊದಲ ಭಾಗವು ಸೊನ್ನೆಯಾಗಿದ್ದರೆ ಕೆಲಸವಿನ್ನೂ ನಡೆಯುತ್ತಿದೆ ಎಂದು ಅರ್ಥ. ಆದರೆ ರೂಢಿಯು ಶಾಸನವಲ್ಲ. ಅಂಕಿಯನ್ನು ಹಾಕುವವನು ತಂತ್ರಾಂಶದ ಕರ್ತೃವೇ. ಅದನ್ನು ಒರೆಗೆ ಹಚ್ಚಿ ನೋಡುವ ಮಧ್ಯಸ್ಥನಾರೂ ಇಲ್ಲ. ಆದಕಾರಣ ಕರ್ತೃವಿನ ಆಸೆ, ಸಂಕೋಚ, ಪಂಥ, ವಿನೋದ ಇವೆಲ್ಲವೂ ಅಂಕಿಯೊಳಗೆ ಪ್ರವೇಶಿಸಿವೆ.

ಮುಕ್ತ ತಂತ್ರಾಂಶಗಳಲ್ಲಿ ಅಗ್ರಗಣ್ಯವಾದ ಲಿನಕ್ಸಿನ ಚರಿತ್ರೆಯನ್ನೇ ನೋಡೋಣ. ಫಿನ್‌ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅವರು ೧೯೯೧ರಲ್ಲಿ ಅದನ್ನು ೦.೦೧ ಎಂಬ ವಿನಯದ ಅಂಕಿಯಿಂದ ಆರಂಭಿಸಿದರು. ೧೯೯೨ರ ಮೊದಲಲ್ಲಿ ಅದು ೦.೧೨ ಆಗಿತ್ತು. ಕಾರ್ಯವು ಇನ್ನೇನು ಮುಗಿಯಿತೆಂಬ ಉತ್ಸಾಹದಲ್ಲಿ ಅದರ ಮುಂದಿನ ಅಂಕಿಯು ಒಮ್ಮೆಗೇ ೦.೯೫ ಎಂದಾಯಿತು. ಆದರೆ ೧.೦ ಬಂದುದು ೧೯೯೪ರ ಮಾರ್ಚಿಯಲ್ಲಿ. ನೂರರಲ್ಲಿ ತೊಂಬತ್ತೈದು ಪಾಲು ನಡೆದೆವೆಂದುಕೊಂಡ ಮೇಲೆ ಉಳಿದ ಐದು ಪಾಲಿಗೆ ಎರಡು ವರ್ಷ ಹಿಡಿಯಿತು! ಮುಂದೆ ಕೆಲವು ಕಾಲ ಅಲ್ಲೊಂದು ಒಳ್ಳೆಯ ಕಟ್ಟಳೆಯಿತ್ತು: ನಡುವಿನ ಅಂಕಿಯು ಸಮವಾಗಿದ್ದರೆ ಸ್ಥಿರವಾದ ಆವೃತ್ತಿ, ಬೆಸವಾಗಿದ್ದರೆ ಪ್ರಯೋಗದ ಆವೃತ್ತಿ. ೨.೪ ಎಂಬುದು ಬಳಕೆಗೆ, ೨.೫ ಎಂಬುದು ಕಮ್ಮಟಕ್ಕೆ. ಗಮನಿಸಬೇಕಾದುದೇನೆಂದರೆ, ಆ ಕಟ್ಟಳೆಯಲ್ಲಿ ದೊಡ್ಡ ಅಂಕಿಯೇ ಹೆಚ್ಚು ಅಪಾಯದ್ದು. ೨೦೦೩ರಲ್ಲಿ ಬಂದ ೨.೬ರ ಬಳಿಕ ಆ ಕಟ್ಟಳೆಯೂ ಕೈಬಿಟ್ಟುಹೋಯಿತು. ೨೦೧೧ರಲ್ಲಿ ೨.೬.೩೯ ಎಂಬುದರ ನಂತರ ೩.೦ ಬಂದಾಗ, ಇದರಲ್ಲಿ ವಿಶೇಷವಾದ ಮಾರ್ಪಾಟೇನೂ ಇಲ್ಲವೆಂದು ಕರ್ತೃವೇ ಸ್ಪಷ್ಟಪಡಿಸಿದರು. ೨೦೧೫ರ ೪.೦, ೨೦೧೯ರ ೫.೦, ೨೦೨೨ರ ೬.೦ ಇವೆಲ್ಲವೂ ಹಾಗೆಯೇ. ಚುಕ್ಕಿಯ ಬಲಗಡೆಯ ಅಂಕಿಯು ಎಣಿಕೆಗೆ ತೊಡಕಾಗುವಷ್ಟು ಬೆಳೆದಾಗ ಎಡಗಡೆಯದನ್ನು ಒಂದು ಹೆಚ್ಚಿಸುವುದು, ಇಷ್ಟೇ.

ಅಂಕಿಯು ಪಂಥದ ವಸ್ತುವಾದ ಪ್ರಸಂಗಗಳೂ ಉಂಟು. ಹಣಕ್ಕೆ ಮಾರುವ ತಂತ್ರಾಂಶಗಳಲ್ಲಿ ಇದು ಆಶ್ಚರ್ಯವಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯ ವರ್ಡ್ ಎಂಬ ಬರಹದ ತಂತ್ರಾಂಶವು ವಿಂಡೋಸ್ ಗಣಕಗಳಲ್ಲಿ ೨.೦ ಆದ ಮೇಲೆ ೧೯೯೩ರಲ್ಲಿ ನೇರವಾಗಿ ೬.೦ ಆಯಿತು. ಲಾಭದ ಗೊಡವೆಯಿಲ್ಲದೆ ಹಂಚುವ ಮುಕ್ತ ತಂತ್ರಾಂಶಗಳಿಗೆ ಈ ಚಾಪಲ್ಯವು ಅಂಟಬಾರದಾಗಿತ್ತು. ಆದರೂ ೧೯೯೯ರಲ್ಲಿ ಸ್ಲ್ಯಾಕ್‌ವೇರ್ ಎಂಬ ಲಿನಕ್ಸ್ ಹಂಚಿಕೆಯು ನಾಲ್ಕರಿಂದ ಏಳಕ್ಕೆ ಹಾರಿತು. ನೆರೆಹೊರೆಯ ಹಂಚಿಕೆಗಳ ಅಂಕಿ ಆರಾಗಿದ್ದಿತು. ತಮ್ಮದು ನಾಲ್ಕೇ ಇರುವುದರಿಂದ ಹಳೆಯದೆಂದು ಜನರು ಭಾವಿಸುವರೆಂಬುದೇ ಕಾರಣ. ಇಲ್ಲಿ ತಪ್ಪು ಕರ್ತೃವಿನದೇ, ಅಂಕಿಯನ್ನು ನೋಡಿ ಬೆಲೆ ಕಟ್ಟುವ ನಮ್ಮದೇ, ಎಂಬುದನ್ನು ವಾಚಕರು ಯೋಚಿಸಬೇಕು. ಅಂತರ್ಜಾಲ ವೀಕ್ಷಣೆಗೆ ಬಳಸುವ ಫೈರ್‌ಫಾಕ್ಸ್ ೨೦೦೪ರ ಕೊನೆಯಲ್ಲಿ ೧.೦ ಆಗಿ ಬಂದುದು, ೪ ಎಂಬ ಅಂಕಿಯನ್ನು ಮುಟ್ಟಲು ೨೦೧೧ರ ಮಾರ್ಚಿಯವರೆಗೆ ಆರು ವರ್ಷಗಳಿಗೂ ಹೆಚ್ಚು ಕಾಲವನ್ನು ತೆಗೆದುಕೊಂಡಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅದು ೯ ಆಗಿದ್ದಿತು! ಒಂಬತ್ತೇ ತಿಂಗಳಲ್ಲಿ ಅದರ ಗುಣವು ಇಮ್ಮಡಿಸಿತೆಂದಲ್ಲ. ಹೊಸ ಆವೃತ್ತಿಯನ್ನು ಕೆಲವು ವಾರಗಳಿಗೊಮ್ಮೆ ಹೊರತರುವ ಪದ್ಧತಿಯನ್ನು ಅದರ ಕರ್ತೃಗಳು ಅವಲಂಬಿಸಿದರು, ಅಷ್ಟೇ.

ಇವುಗಳಿಗೆ ಎದುರಾಗಿ ನಿಲ್ಲುವುದು ಡೊನಾಲ್ಡ್ ಕನೂತ್ ಎಂಬ ಗಣಿತಜ್ಞರ ಮುದ್ರಣ ತಂತ್ರಾಂಶವಾದ ಟೆಕ್. ೩ ಎಂಬ ಆವೃತ್ತಿಯ ತರುವಾಯ ಅವರು ದೊಡ್ಡ ಮಾರ್ಪಾಟುಗಳನ್ನು ನಿಲ್ಲಿಸಿ, ಪ್ರತಿ ತಿದ್ದುಪಡಿಗೂ ಪೈ ಎಂಬ ವೃತ್ತಪ್ರಮಾಣದ ಒಂದೊಂದು ಅಂಕವನ್ನು ಸೇರಿಸುತ್ತ ಬಂದರು: ೩.೧, ೩.೧೪, ೩.೧೪೧, ಹೀಗೆ. ೨೦೨೧ರಲ್ಲಿ ಅದು ೩.೧೪೧೫೯೨೬೫೩ ಎಂದಾಯಿತು. ಮೂವತ್ತು ವರ್ಷಗಳಲ್ಲಿ ನಾಲ್ಕನ್ನು ಮುಟ್ಟದ ಈ ಅಂಕಿಯು, ಇನ್ನು ತಿದ್ದಬೇಕಾದುದು ದಿನೇದಿನೇ ಸೂಕ್ಷ್ಮವಾಗುತ್ತಿದೆ ಎಂದು ಸಾರುತ್ತದೆ. ಇಲ್ಲಿ ಮಾತ್ರ ಅಂಕಿಯು ಗುಣಕ್ಕೆ ಸಮೀಪವಾಯಿತೆನ್ನಬಹುದು. ಆದರೆ ದೊಡ್ಡದಾಗುವುದರಿಂದಲ್ಲ, ದೊಡ್ಡದಾಗಲು ಒಲ್ಲದೆ ನಿಂತುದರಿಂದ.

ಇಷ್ಟರವರೆಗೆ ಹೇಳಿದುದು ಅಂಕಿಯ ಸ್ವಚ್ಛಂದವನ್ನು. ಅದನ್ನು ನಂಬುವುದರಿಂದ ಆಗುವ ಅಪಾಯಕ್ಕೆ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದ ಕಥೆಯು ನಿದರ್ಶನ. ಬ್ಯಾಂಕಿನ ವ್ಯವಹಾರದಿಂದ ಹಿಡಿದು ಖಾಸಗಿ ಪತ್ರದವರೆಗೆ, ಅಂತರ್ಜಾಲದಲ್ಲಿ ಗುಟ್ಟಾಗಿ ಸಾಗಬೇಕಾದುದನ್ನು ಗೂಢಲಿಪಿಯಲ್ಲಿ ಸಾಗಿಸುವ ಸಾಧನವದು. ೧೯೯೮ರ ಡಿಸೆಂಬರಿನಿಂದ ೨೦೧೦ರ ಮಾರ್ಚಿಯವರೆಗೆ ಅದರ ಅಂಕಿಯು ೦.೯ರ ಸಾಲಿನಲ್ಲಿಯೇ ಇದ್ದಿತು. ಹನ್ನೊಂದು ವರ್ಷಗಳಿಗೂ ಮೀರಿ ಲೋಕದ ಗುಟ್ಟುಗಳನ್ನು ಕಾದುದು ‘ಪೂರ್ಣವಾಗದ’ ಅಂಕಿಯ ತಂತ್ರಾಂಶವೇ. ೨೦೧೨ರಲ್ಲಿ ೧.೦.೧ ಎಂಬ ಆವೃತ್ತಿ ಬಂದಿತು. ಅದರೊಡನೆ ಒಂದು ಘೋರವಾದ ದೋಷವೂ ಬಂದಿತು. ‘ಹಾರ್ಟ್‌ಬ್ಲೀಡ್’ ಎಂದು ಆಮೇಲೆ ಹೆಸರಾದ ಆ ದೋಷದಿಂದ, ದೂರದಲ್ಲಿ ಕುಳಿತವನು ಎದುರಿನ ಗಣಕದ ನೆನಪಿನ ತುಣುಕುಗಳನ್ನು, ಗುಪ್ತಪದಗಳ ಸಹಿತವಾಗಿ, ಸೆಳೆದುಕೊಳ್ಳಬಹುದಾಗಿತ್ತು. ೨೦೧೪ರ ಏಪ್ರಿಲಿನಲ್ಲಿ ಅದು ಬಯಲಾದಾಗ ೧.೦.೧ಕ್ಕೆ ಏರಿದವರೆಲ್ಲರೂ ಕಂಗೆಟ್ಟರು, ೦.೯.೮ರಲ್ಲಿಯೇ ಉಳಿದವರಿಗೆ ಆ ದೋಷದ ಸೋಂಕೇ ಇರಲಿಲ್ಲ. ಪರಿಹಾರವಾಗಿ ಬಂದ ಆವೃತ್ತಿಯ ಹೆಸರಾದರೂ ಏನು? ೧.೦.೧ಎಫ್ ಎಂಬುದು ೧.೦.೧ಜಿ ಎಂದಾಯಿತು. ಅಂಕಿಯು ಅಲುಗಲೂ ಇಲ್ಲ, ಬಾಲದ ಒಂದಕ್ಷರ ಬದಲಾಯಿತು. ಗುಣದಲ್ಲಿ ಆದ ವ್ಯತ್ಯಾಸವು ಆ ತಂತ್ರಾಂಶದ ಚರಿತ್ರೆಯಲ್ಲಿಯೇ ದೊಡ್ಡದು.

ಹಾಗೆಂದು ಚಿಕ್ಕ ಅಂಕಿಯೇ ಶ್ರೇಷ್ಠವೆಂಬ ವಿಪರೀತಕ್ಕೂ ಹೋಗಬಾರದು. ಅದೇ ೦.೯.೮ರ ಸಾಲಿನ ತಂತ್ರಾಂಶವನ್ನು ಡೆಬಿಯನ್ ಎಂಬ ಲಿನಕ್ಸ್ ಹಂಚಿಕೆಯವರು ೨೦೦೬ರಲ್ಲಿ ತಮ್ಮ ಕಡೆಯಿಂದ ಸ್ವಲ್ಪ ತಿದ್ದಿದರು. ಆ ತಿದ್ದುಪಡಿಯಿಂದ ಅದು ಹುಟ್ಟಿಸುವ ಗೂಢಕೀಲಿಗಳು ಸುಲಭವಾಗಿ ಊಹಿಸಬಹುದಾದಷ್ಟು ಕೆಲವೇ ಆಗಿಹೋದುವು. ತಿಳಿದುದು ೨೦೦೮ರ ಮೇ ತಿಂಗಳಲ್ಲಿ. ಮೂಲದ ಅಂಕಿಯು ಎರಡೂ ಕಡೆ ಒಂದೇ. ಒಂದು ಕಡೆ ಕೀಲಿ ಗಟ್ಟಿ, ಮತ್ತೊಂದು ಕಡೆ ಪೊಳ್ಳು. ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ತಿದ್ದಬಹುದಾದುದರಿಂದ, ಒಂದೇ ಅಂಕಿಯ ಎರಡು ಪ್ರತಿಗಳು ಒಂದೇ ಅಲ್ಲದಿರಬಹುದೆಂಬುದನ್ನು ಇದರಿಂದ ಕಲಿಯಬೇಕು.

ಇಲ್ಲಿ ನಮ್ಮ ನೆಲದ ಒಂದು ದೃಷ್ಟಾಂತವು ಪ್ರಯೋಜನಕ್ಕೆ ಬರುತ್ತದೆ. ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆಗಳ ನೆಲದಡಿಯಲ್ಲಿ ೧೮೮೦ರಿಂದ ಜಾನ್ ಟೇಲರ್ ಕಂಪೆನಿಯವರು ಆರಂಭಿಸಿದ ಚಿನ್ನದ ಗಣಿಗಾರಿಕೆಯು ೨೦೦೧ರ ಫೆಬ್ರವರಿ ೨೮ರಂದು ನಿಂತಿತು. ಆ ಗಣಿಗಳಲ್ಲಿ ಬಾವಿಯಿಂದ ಅಡ್ಡಕ್ಕೆ ಹೊರಟ ಹಾದಿಗಳಿಗೆ ಲೆವೆಲ್ ಎಂದು ಹೆಸರಿಟ್ಟು, ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಅಂಕಿ ಹಾಕುತ್ತಿದ್ದರು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಲೆವೆಲಿನ ಅಂಕಿಯು ದೊಡ್ಡದಾದಷ್ಟೂ ಎಷ್ಟು ಅಗೆದಿದ್ದಾರೆ, ಎಷ್ಟು ಶ್ರಮಪಟ್ಟಿದ್ದಾರೆ ಎಂಬುದು ಗೊತ್ತಾಗುತ್ತಿತ್ತು. ಎಷ್ಟು ಚಿನ್ನವಿದೆ ಎಂಬುದು ಗೊತ್ತಾಗುತ್ತಿರಲಿಲ್ಲ. ಮೊದಲ ದಶಕಗಳಲ್ಲಿ ಟನ್ನು ಅದಿರಿಗೆ ಹತ್ತಾರು ಗ್ರಾಂ ದೊರೆಯುತ್ತಿದ್ದ ಚಿನ್ನವು ಕೊನೆಯ ವರ್ಷಗಳಲ್ಲಿ ಕೆಲವೇ ಗ್ರಾಮಿಗೆ ಇಳಿದಿತ್ತು. ಚಿನ್ನದ ಪ್ರಮಾಣವನ್ನು ತಿಳಿಯಲು ಇದ್ದ ಉಪಾಯವು ಬೇರೆ: ಅದಿರಿನ ಮಾದರಿಯನ್ನು ತಂದು, ಪುಡಿಮಾಡಿ, ತೂಗಿ, ಸೀಸದೊಡನೆ ಕರಗಿಸಿ, ಕಡೆಗೆ ಉಳಿಯುವ ಮಣಿಯನ್ನು ಮತ್ತೆ ತೂಗುವುದು. ಅಂಕಿಯು ಹಾದಿಯ ಹೆಸರು. ಬೆಲೆಯನ್ನು ಹೇಳುವುದು ಪುಟ.

ತಂತ್ರಾಂಶಕ್ಕೂ ಪುಟವಿಡುವ ಕ್ರಮವುಂಟು. ಅದನ್ನು ಕನ್ನಡದ ಸಾಧನಗಳಿಗೆ ಅನ್ವಯಿಸಿ ನೋಡೋಣ. ಕನ್ನಡದ ಮುಕ್ತ ಅಕ್ಷರಶೈಲಿಗಳಲ್ಲಿ ರೆಡ್ ಹ್ಯಾಟ್ ಸಂಸ್ಥೆಯು ಹೊರತಂದ ‘ಲೋಹಿತ್’, ಮತ್ತು ‘ಗುಬ್ಬಿ’, ‘ನವಿಲು’ ಪ್ರಸಿದ್ಧವಾದುವು. ಲೋಹಿತ್ ಕನ್ನಡದ ಅಂಕಿಯು ಎರಡನ್ನು ದಾಟಿದೆ. ಗುಬ್ಬಿ, ನವಿಲುಗಳ ಅಂಕಿಗಳು ಒಂದರ ಆಸುಪಾಸಿನವು. ಇದರಿಂದ ಒಂದು ಮತ್ತೊಂದರ ಎರಡರಷ್ಟು ಚೆನ್ನಾಗಿದೆ ಎಂದು ಹೇಳಲು ಬರುವುದೇ? ಹೇಳಬೇಕಾದರೆ ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಅರ್ಘ್ಯ’, ‘ರ‍್ಯಾಂಕು’ ಎಂಬ ನಾಲ್ಕು ಪದಗಳನ್ನು ಬರೆದು, ಒತ್ತಕ್ಷರಗಳು ಒಂದರ ಮೇಲೊಂದು ಬೀಳದೆ ಕುಳಿತಿವೆಯೇ, ಅರ್ಕಾವೊತ್ತು ಬೇಕಾದೆಡೆ ಬಂದು ಬೇಡವಾದೆಡೆ ತೊಲಗಿದೆಯೇ ಎಂದು ನೋಡಬೇಕು. ಮೇಲಾಗಿ ಅಕ್ಷರಗಳನ್ನು ತೆರೆಯ ಮೇಲೆ ಹೊಂದಿಸುವುದು ಅಕ್ಷರಶೈಲಿಯೊಂದೇ ಅಲ್ಲ. ಹರ್ಫ್‌ಬಜ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವು ವ್ಯಂಜನಗಳನ್ನೂ ಒತ್ತುಗಳನ್ನೂ ಕೂಡಿಸುವ ಕೆಲಸವನ್ನು ಅನೇಕ ಗಣಕಗಳಲ್ಲಿ ಮಾಡುತ್ತದೆ. ಅದು ೧.೦ ಎನಿಸಿಕೊಂಡುದು ೨೦೧೫ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಅದು ಫೈರ್‌ಫಾಕ್ಸ್ ಮೊದಲಾದ ತಂತ್ರಾಂಶಗಳೊಳಗೆ ಸೇರಿ ಲೋಕವ್ಯಾಪಿಯಾಗಿತ್ತು. ಸೊನ್ನೆಯಿಂದ ಮೊದಲಾಗುವ ಅಂಕಿಯನ್ನು ಕಂಡು ಅದನ್ನು ದೂರವಿಟ್ಟಿದ್ದರೆ ನಷ್ಟವು ಓದುವವರದೇ ಆಗುತ್ತಿತ್ತು.

ಇನ್ನು ಹಳಗನ್ನಡದ ಅಭಿಮಾನಿಗಳು ಕೇಳಲೇಬೇಕಾದ ಒಂದು ಸಂಗತಿಯಿದೆ. ಯೂನಿಕೋಡ್ ಎಂಬುದು ತಂತ್ರಾಂಶವಲ್ಲ. ತಂತ್ರಾಂಶಗಳೆಲ್ಲವೂ ಅನುಸರಿಸುವ ಲಿಪಿಸಂಹಿತೆ. ಅದಕ್ಕೂ ಆವೃತ್ತಿಯ ಅಂಕಿಗಳುಂಟು. ೧೯೯೧ರ ಪ್ರಥಮ ಆವೃತ್ತಿಯಿಂದಲೂ ಕನ್ನಡಕ್ಕೆ ಅದರಲ್ಲಿ ಸ್ಥಾನವಿದೆ. ಶಾಸನಗಳಲ್ಲಿಯೂ ಪಂಪ ರನ್ನರ ಕಾವ್ಯಗಳಲ್ಲಿಯೂ ಬರುವ ‘ೞ’ ಎಂಬ ಅಕ್ಷರಕ್ಕೆ ಅದರಲ್ಲಿ ಕೊಟ್ಟ ಇಂಗ್ಲಿಷ್ ಹೆಸರು ‘ಫ’ ಎಂದು! ೞಕಾರಕ್ಕೂ ಫಕಾರಕ್ಕೂ ಏನು ಸಂಬಂಧ? ಇದು ಸ್ಪಷ್ಟವಾದ ಪ್ರಮಾದ. ಸಂಹಿತೆಯು ೨೦೨೫ರಲ್ಲಿ ೧೭.೦ನೆಯ ಆವೃತ್ತಿಗೆ ಬಂದರೂ ಆ ಹೆಸರು ಹಾಗೆಯೇ ಇದೆ. ಸರಿಯಾದ ಹೆಸರನ್ನು ಪರ್ಯಾಯವಾಗಿ ಪಕ್ಕದಲ್ಲಿ ಸೇರಿಸಿದ್ದಾರೆ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲವೆಂಬ ನಿಯಮವೇ ಇದಕ್ಕೆ ಕಾರಣ. ನಿಯಮವು ಅವಿವೇಕದ್ದಲ್ಲ, ಹಿಂದೆ ಬರೆದಿಟ್ಟುದು ಮುಂದೆ ಓದಲು ಬಾರದಂತೆ ಆಗಬಾರದೆಂಬುದೇ ಅಂತಹ ನಿಯಮಗಳೆಲ್ಲದರ ಆಶಯ. ಅಂಕಿ ಹದಿನೇಳಕ್ಕೆ ಏರಿದರೂ ತಪ್ಪು ಉಳಿಯಬಹುದು, ಮತ್ತು ತಪ್ಪನ್ನು ಉಳಿಸಿಕೊಳ್ಳುವುದರಲ್ಲಿಯೇ ಒಂದು ಗುಣವಿರಬಹುದು. ಅದೇ ಸಂಹಿತೆಗೆ ೨೦೨೧ರ ೧೪.೦ನೆಯ ಆವೃತ್ತಿಯಲ್ಲಿ ನಕಾರಪೊಲ್ಲಿನ ಚಿಹ್ನೆಯು ಸೇರಿತೆಂಬುದನ್ನೂ ಹೇಳಬೇಕು. ಹಳೆಯ ಬರಹಗಳನ್ನು ನಕಲು ಮಾಡುವವರಿಗೆ ಅದು ನಿಜವಾದ ಲಾಭ. ಆದರೆ ಈ ಲಾಭವನ್ನು ತಿಳಿಸಿದುದು ಹದಿನಾಲ್ಕೆಂಬ ಅಂಕಿಯಲ್ಲ, ಆ ಆವೃತ್ತಿಯ ಜೊತೆಗೆ ಪ್ರಕಟವಾದ ಸೇರ್ಪಡೆಗಳ ಪಟ್ಟಿ.

ಕಡೆಯದಾಗಿ, ಅಚ್ಚಾದ ಪುಟವನ್ನು ಓದುವ ತಂತ್ರಾಂಶವಾದ ಟೆಸರಾಕ್ಟ್. ೧೯೮೫ರ ಸುಮಾರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಹುಟ್ಟಿ, ಸುಮಾರು ಹತ್ತು ವರ್ಷ ಬೆಳೆದು, ಆಮೇಲೆ ಮೂಲೆಗೆ ಬಿದ್ದಿದ್ದ ಇದನ್ನು ೨೦೦೫ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದರು. ೨೦೧೮ರಲ್ಲಿ ಬಂದ ಇದರ ೪.೦ನೆಯ ಆವೃತ್ತಿಯು ಹೆಸರಿಗೆ ತಕ್ಕ ಮಾರ್ಪಾಟು: ಅಕ್ಷರವನ್ನು ಬಿಡಿಬಿಡಿಯಾಗಿ ಗುರುತಿಸುವ ಹಳೆಯ ಕ್ರಮಕ್ಕೆ ಬದಲಾಗಿ, ಇಡಿಯ ಸಾಲನ್ನು ಕೃತಕ ನರಜಾಲದಿಂದ ಓದುವ ಕ್ರಮವು ಬಂದಿತು. ದೊಡ್ಡ ಅಂಕಿಯು ಸತ್ಯವನ್ನೇ ನುಡಿದ ಸಂದರ್ಭವಿದು. ಅಂಕಿಯು ಯಾವಾಗಲೂ ಸುಳ್ಳೆಂದು ಹೇಳುವವರು ಇದನ್ನು ಮರೆಯಬಾರದು. ಆದರೆ ಇಲ್ಲಿಯೂ ಒಂದು ಮರ್ಮವಿದೆ. ಕನ್ನಡವನ್ನು ಓದಲು ಆ ತಂತ್ರಾಂಶಕ್ಕೆ ಕನ್ನಡದ ತರಬೇತಿಯ ಕಡತವೊಂದು ಬೇಕು. ಅದು ಬೇರೆಯಾಗಿಯೇ ದೊರೆಯುತ್ತದೆ. ವೇಗಕ್ಕೆಂದು ಒಂದು, ನಿಖರತೆಗೆಂದು ಒಂದು, ಹೀಗೆ ಬೇರೆಬೇರೆಯಾಗಿವೆ. ಒಂದೇ ೪.೦ ಆವೃತ್ತಿಯನ್ನು ಇಟ್ಟುಕೊಂಡ ಇಬ್ಬರಿಗೆ ಒಂದೇ ಪುಟದಿಂದ ಎರಡು ಪಾಠಗಳು ಬರಬಹುದು.

ಹಾಗಾದರೆ ಆವೃತ್ತಿಯ ಅಂಕಿಯು ನಿರರ್ಥಕವೇ? ಅಲ್ಲ. ಅದು ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ತಿಳಿಸುತ್ತದೆ. ದೋಷವೊಂದು ಬಯಲಾದಾಗ ಅದು ಯಾವ ಪ್ರತಿಯಲ್ಲಿದೆ, ಯಾವುದರಲ್ಲಿ ತಿದ್ದಿದೆ ಎಂದು ಗುರುತಿಸಲು ಅಂಕಿಯಿಲ್ಲದೆ ಗತಿಯಿಲ್ಲ. ೨೦೦೪ರ ಅಕ್ಟೋಬರಿನಲ್ಲಿ ಬಂದ ಉಬುಂಟು ೪.೧೦ ಎನಿಸಿಕೊಂಡಂತೆ, ಕೆಲವು ಅಂಕಿಗಳು ವರ್ಷವನ್ನೂ ತಿಂಗಳನ್ನೂ ಹೇಳುತ್ತವೆ. ಇವು ಗುಣದ ಆಡಂಬರವನ್ನು ಬಿಟ್ಟು ಜನ್ಮದಿನವನ್ನು ಮಾತ್ರ ಹೇಳುವುದರಿಂದ ಪ್ರಾಮಾಣಿಕವೆನ್ನಬೇಕು. ಮತ್ತೆ ಕೆಲವು ಕರ್ತೃಗಳು, ಮೊದಲ ಅಂಕಿಯು ಬದಲಾಗದಿರುವ ತನಕ ಹಳೆಯ ಬಳಕೆಗೆ ಭಂಗ ತರುವುದಿಲ್ಲವೆಂದು ಮಾತು ಕೊಡುತ್ತಾರೆ. ಇಂತಹ ವಾಗ್ದಾನವು ಬೆಲೆಯುಳ್ಳದ್ದೇ. ಆದರೆ ವಾಗ್ದಾನವು ಕಾಲದ ಮತ್ತು ಹೊಂದಾಣಿಕೆಯ ವಿಷಯದ್ದು, ಒಳಗಿನ ಸತ್ವದ ವಿಷಯದ್ದಲ್ಲ.

ಮೂಲಸಂಕೇತವನ್ನು ಮುಚ್ಚಿಟ್ಟು ಮಾರುವ ತಂತ್ರಾಂಶವನ್ನು ಕೊಳ್ಳುವವನಿಗೆ ಹೊರಗಿನ ಚೀಟಿಯ ಹೊರತು ಹೆಚ್ಚೇನೂ ಕಾಣದು. ಅವನು ಅಂಕಿಯನ್ನು ನಂಬಿದರೆ ಕ್ಷಮ್ಯ. ಮುಕ್ತ ತಂತ್ರಾಂಶವಾದರೋ ತನ್ನ ಒಡಲನ್ನೇ ತೆರೆದಿಟ್ಟಿದೆ. ಯಾವ ಆವೃತ್ತಿಯಲ್ಲಿ ಏನು ಬದಲಾಯಿತು, ಯಾರು ಯಾವ ದೋಷವನ್ನು ತೋರಿಸಿದರು, ಅದನ್ನು ಎಷ್ಟು ದಿನಗಳಲ್ಲಿ ತಿದ್ದಿದರು, ಇನ್ನೂ ಯಾವುವು ಉಳಿದಿವೆ ಎಂಬ ಲೆಕ್ಕವೆಲ್ಲ ಸಾಮಾನ್ಯವಾಗಿ ಬಹಿರಂಗವಾಗಿರುತ್ತದೆ. ಇಷ್ಟನ್ನು ಕೈಯಲ್ಲಿ ಕೊಟ್ಟ ಮೇಲೆಯೂ ಚೀಟಿಯ ಅಂಕಿಯನ್ನೇ ನೋಡಿ ತೀರ್ಪು ಹೇಳುವವನು, ತನಗೆ ದೊರೆತ ಅತಿ ದೊಡ್ಡ ಅಧಿಕಾರವನ್ನು ತಾನೇ ಬಿಟ್ಟುಕೊಟ್ಟಂತೆ.

ಆದುದರಿಂದ ಹಳೆಯ ಗ್ರಂಥಗಳನ್ನು ಗಣಕಕ್ಕೆ ಏರಿಸಲು ಹೊರಟ ಸಂಘವು ಮೊದಲು ಮಾಡಬೇಕಾದುದು ಇದು. ಕೋಲಾರದ ಶಾಸನ ಸಂಪುಟದಿಂದ, ೞಕಾರವೂ ಱಕಾರವೂ ಇರುವ ಹತ್ತು ಪುಟಗಳನ್ನು ಆರಿಸಲಿ. ಆಯ್ಕೆಗೆ ಬಂದ ಪ್ರತಿಯೊಂದು ತಂತ್ರಾಂಶದಿಂದಲೂ ಅವೇ ಹತ್ತು ಪುಟಗಳನ್ನು ಓದಿಸಲಿ. ಹಳಗನ್ನಡ ಬಲ್ಲವರೊಬ್ಬರು ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಪುಟಕ್ಕೆ ಎಷ್ಟು ತಪ್ಪುಗಳೆಂದು ಎಣಿಸಿ ಬರೆಯಲಿ. ಯಾವ ತಂತ್ರಾಂಶದ ಯಾವ ಆವೃತ್ತಿ, ಯಾವ ತರಬೇತಿಯ ಕಡತ ಎಂಬುದನ್ನೂ ಅದರ ಪಕ್ಕದಲ್ಲಿ ದಾಖಲಿಸಲಿ. ಆ ಪಟ್ಟಿಯಲ್ಲಿ ಆವೃತ್ತಿಯ ಅಂಕಿಗೂ ತಪ್ಪುಗಳ ಅಂಕಿಗೂ ಒಂದೊಂದು ಅಂಕಣವಿರುತ್ತದೆ. ಆಯ್ಕೆಯನ್ನು ಎರಡನೆಯ ಅಂಕಣದಿಂದ ಮಾಡತಕ್ಕದ್ದು. ಮೊದಲನೆಯದನ್ನು, ಮುಂದೆ ಕೆಲಸ ಮಾಡುವವರು ನಮ್ಮ ಪಾಠವು ಎಲ್ಲಿಂದ ಬಂದಿತೆಂದು ಹುಡುಕುವ ದಿನಕ್ಕಾಗಿ, ಭದ್ರವಾಗಿ ಇಡತಕ್ಕದ್ದು.